ಮೊದಲಿನ ಕಪ್ತಾನ ಎಲ್ಲಿ ಇಳಿದ?

ಟೀವಿಯಲ್ಲಿ ಏನಾದರೂ ಸಿಡಿದರೆ ನಮ್ಮ ಹಳೆಯ ಮಾಸ್ತರರು ಎದ್ದು ಬಂದು ಸಪ್ಪಳ ಬಂದ್ ಮಾಡುತ್ತಿದ್ದರು. ಪರದೆಯ ಮೇಲೆ ಆಕಾಶದ ಜಹಾಜು ಇನ್ನೊಂದು ಜಹಾಜಿಗೆ ಬೆಂಕಿ ಉಗುಳುತ್ತಿರುತ್ತಿತ್ತು, ಜನ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಅವರು ಧೋತರದ ಚುಂಗು ಎತ್ತಿ ಹಿಡಿದು, ಕೂತವರ ಮಧ್ಯೆ ದಾರಿ ಮಾಡಿಕೊಂಡು ಬಂದು, ಗುಂಡಿಯನ್ನು ಸೊನ್ನೆಗೆ ತಿರುಗಿಸಿ ನಿಲ್ಲುತ್ತಿದ್ದರು.

"ಅಲ್ಲಿ ಗಾಳಿ ಇಲ್ಲ. ಗಾಳಿ ಇಲ್ದಲ್ಲಿ ಸಪ್ಪಳ ಹ್ಯಾಂಗ ಬರ್ತದ? ಸಬೂತ್ ಏನು?"

ಹುಮನಾಬಾದಿನ ಗಂಜ್ ಮಾರುಕಟ್ಟೆಯಲ್ಲಿ ಜೋಳದ ಚೀಲ ಹೊರುವ ಹಮಾಲರು ನಮ್ಮ ವಿಡಿಯೋ ಸೆಂಟರಿನ ಕಾಯಂ ಗಿರಾಕಿಗಳು. ಅವರಲ್ಲಿ ಹಿರಿಯನೊಬ್ಬ ಕೈ ಮುಗಿದು ಹೇಳಿದ:

"ಸರ್, ಸಪ್ಪಳ ಇಲ್ದ ಸಿಡದ್ರ ಅದೇನ್ ಛಂದ್ರಿ? ಬಾಜಾ ಇಲ್ದ ಲಗ್ನಾ ಮಾಡಿದಂಗ ಆತು."

"ಅದಕ್ಕ ನಾ ಏನ್ ಮಾಡ್ಲಿ? ಗಾಳಿ ಇಲ್ದ ಬಯಲಾಗ ಲಗ್ನಾ ಮಾಡಾಕ ನಾ ಹೇಳಿದ್ನೇನು?"

ಕೊನೆಗೆ ಒಂದು ಒಪ್ಪಂದವಾಯಿತು. ಸಿಡಿಯುವಾಗ ಟೀವಿ ಮೂಕವಾಗಿರಬೇಕು, ಹಮಾಲರು ಬಾಯಿಂದಲೇ "ಢಂ" ಅನ್ನಬಹುದು. ಇದಕ್ಕೆ ಮಾಸ್ತರರ ತಕರಾರು ಇರಲಿಲ್ಲ. "ನೀವು ಗಾಳ್ಯಾಗ ಕುಂತೀರಿ. ನಿಮ್ದು ನಡೀತದ," ಎಂದರು. ಅಂದಿನಿಂದ ಪ್ರತಿ ಭಾನುವಾರ ನಮ್ಮ ಹಿಂದಿನ ಕೋಣೆಯಲ್ಲಿ ಮೂವತ್ತು ನಲವತ್ತು ಗಂಟಲು ಒಟ್ಟಿಗೆ "ಢಂ" ಅನ್ನುತ್ತಿದ್ದವು. ರಸ್ತೆಯಲ್ಲಿ ಸೋಲಾಪುರದ ಕಡೆ ಹೋಗುವ ಲಾರಿಯವರು ಟಯರು ಒಡೆಯಿತೆಂದು ನಿಲ್ಲಿಸಿ ನೋಡಿದ್ದೂ ಉಂಟು.

ಆ ಮಾಸ್ತರರ ಹೆಸರು ಬರೆಯುವುದಿಲ್ಲ. ಅವರು ತೀರಿಕೊಂಡು ಬಹಳ ಕಾಲವಾಯಿತು. ಅವರ ಆಗಿನ ವಯಸ್ಸನ್ನು ನಾನು ದಾಟಿದ್ದೇನೆ. ಅವರ ಬಗ್ಗೆ ಗೊತ್ತಿರುವವರು ಕಲ್ಯಾಣದಲ್ಲಿ ಇನ್ನೂ ಕೆಲವರಿದ್ದಾರೆ, ಅವರಿಗೆ ಹೆಸರು ಬೇಕಾಗಿಲ್ಲ. ಈಗ ಬಸವಕಲ್ಯಾಣ ಅನ್ನುತ್ತಾರೆ. ನಾವು ಆಗಲೂ ಈಗಲೂ ಕಲ್ಯಾಣ ಅಂತಲೇ ಅನ್ನುವುದು.

ಅಲ್ಲಿ ನಾನು ಸೋದರಮಾವನ ಮನೆಯಲ್ಲಿದ್ದು ಕಲಿಯುತ್ತಿದ್ದೆ. ಶಾಲೆಯಲ್ಲಿ ಈ ಮಾಸ್ತರರು ನಮಗೆ ವಿಜ್ಞಾನ ಹೇಳುತ್ತಿದ್ದರು. ತೆಳ್ಳಗೆ, ಎತ್ತರಕ್ಕೆ, ತಲೆಯ ಮೇಲೆ ಕರಿ ಟೋಪಿ. ಸೀಮೆಸುಣ್ಣವನ್ನು ಎರಡು ಬೆರಳ ನಡುವೆ ಹೊರಳಿಸುತ್ತಲೇ ಯೋಚಿಸುತ್ತಿದ್ದರು. ಯಾರು ಏನು ಹೇಳಿದರೂ ಪುರಾವೆ ಬೇಕು, ಅವರ ಮೊದಲ ಮಾತು "ಸಬೂತ್ ಏನು?" ಹೊರಗೆ ಮಳೆ ಬರುತ್ತಿದೆ ಎಂದು ಹುಡುಗನೊಬ್ಬ ಹೇಳಿದರೂ ಅದನ್ನೇ ಕೇಳುವರು, ಅವನು ಹೊರಗೆ ಹೋಗಿ ತೊಯ್ದು ಬಂದು ನಿಲ್ಲಬೇಕು.

ಐವತ್ತಾರರಲ್ಲಿ ನಮ್ಮ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಇನ್ನು ಪಾಠವೆಲ್ಲ ಕನ್ನಡದಲ್ಲಿ ಆಗಬೇಕೆಂದು ಹುಕುಂ ಬಂತು. ಅವರ ಮನೆಮಾತು ಕನ್ನಡವೇ. ಅವರ ತಾಯಿಗೆ ಬೇರೆ ಭಾಷೆ ಬರುತ್ತಲೇ ಇರಲಿಲ್ಲ. ಆದರೆ ಅವರು ಓದಿದ್ದೆಲ್ಲ ಉರ್ದುವಿನಲ್ಲಿ, ಅದರ ಮೇಲೆ ಸ್ವಲ್ಪ ಇಂಗ್ಲಿಷು. ರೊಟ್ಟಿ ಕೇಳುವ ಕನ್ನಡ ಇತ್ತು, ಗುರುತ್ವಾಕರ್ಷಣೆ ಹೇಳುವ ಕನ್ನಡ ಇರಲಿಲ್ಲ. ಅಕ್ಷರ ಒಂದೂ ಬರುತ್ತಿರಲಿಲ್ಲ. ಬರೆಯಲು ಹೊರಟರೆ ಕೈ ತಾನಾಗಿ ಬೋರ್ಡಿನ ಬಲತುದಿಗೆ ಹೋಗುತ್ತಿತ್ತು. ಅಲ್ಲಿ ಒಂದು ಕ್ಷಣ ನಿಂತು, ಏನೋ ಮರೆತವರಂತೆ ಎಡತುದಿಗೆ ನಡೆದು ಬರುತ್ತಿದ್ದರು.

ನನಗೆ ಪುಸ್ತಕದ ಕನ್ನಡ ಬರುತ್ತಿತ್ತು. ಅದು ಶಾಲೆಯಿಂದ ಬಂದದ್ದಲ್ಲ. ನಮ್ಮ ಹಳ್ಳಿಯ ಮಠದಲ್ಲಿ ಶ್ರಾವಣ ಪೂರ್ತಿ ಪುರಾಣ ನಡೆಯುತ್ತಿತ್ತು. ಒಬ್ಬರು ಓದಬೇಕು, ಇನ್ನೊಬ್ಬರು ಅದರ ಅರ್ಥ ಹೇಳಬೇಕು. ಓದುವವರು ನಮ್ಮ ಅಜ್ಜ, ಮುತ್ಯಾ. ಅವರ ಪಕ್ಕ ಕೂತು ಕೂತು ನನಗೂ ಓದು ಬಂದಿತ್ತು.

ಇದು ಅವರಿಗೆ ಹೇಗೋ ತಿಳಿಯಿತು. ಒಂದು ದಿನ ನನ್ನನ್ನು ನಕಾಶೆಗಳನ್ನು ಇಡುವ ಕೋಣೆಗೆ ಕರೆದರು.

"ತಮ್ಮಾ, ಮುಂಜಾನೆ ಘಂಟಿ ಹೊಡ್ಯೋದ್ರೊಳಗ ಒಂದಿಷ್ಟು ಬರ್ತಿಯೇನು? ನನಗ ಅಕ್ಷರಾ ಹೇಳಿಕೊಡು."

ನಾನು ಹೆದರಿ ಬೆಂಚಿನ ಮೇಲೆ ಕೂರಲು ಹೋದೆ. ಅವರು ಬಿಡಲಿಲ್ಲ.

"ಅಲ್ಲಲ್ಲ. ಕಲಸಾಂವ ಕುರ್ಚಿ ಮ್ಯಾಲ ಕುಂದ್ರಬೇಕು. ನಾ ಬೆಂಚಿನ ಮ್ಯಾಲ."

ಹಾಗೆ ನಾನು ಅವರ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತು, ಅವರು ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು, ಕಾಗುಣಿತ ನಡೆಯಿತು. ಮೊದಲ ದಿನವೇ ಒಂದು ಮಾತು ಹೇಳಿದ್ದರು: "ಇದು ನಮ್ಮಿಬ್ಬರೊಳಗ ಇರ್ಲಿ. ಯಾರ ಮುಂದೂ ಹೇಳಬ್ಯಾಡ." ನಾನು ಆಣೆ ಮಾಡಿದ್ದೆ.

ತರಗತಿಯಲ್ಲಿ ಅವರು ಪುರಾಣದ ಪದ್ಧತಿಯನ್ನೇ ಇಟ್ಟುಕೊಂಡರು. "ನೀ ಓದು, ನಾ ಅರ್ಥ ಹೇಳ್ತೀನಿ." ನಾನು ನಿಂತು ವಿಜ್ಞಾನದ ಪುಸ್ತಕದಿಂದ ಒಂದು ಸಾಲು ಓದುತ್ತಿದ್ದೆ. ಅವರು ಅದನ್ನು ನಮ್ಮ ಮಾತಿನಲ್ಲಿ, ಅರ್ಧ ಉರ್ದು ಸೇರಿಸಿ, ನಿಂಬೆಹಣ್ಣು, ದಾರ, ಸೈಕಲ್ಲಿನ ಹಳೆಯ ಟ್ಯೂಬು ಹಿಡಿದು ಬಿಡಿಸುತ್ತಿದ್ದರು. ಅಂಥ ಪಾಠ ನಾನು ಮತ್ತೆ ಕೇಳಲಿಲ್ಲ. ಹುಡುಗರು ಚೇಷ್ಟೆಗೆ ಒಮ್ಮೆ ಮೇಜಿನ ಮೇಲೆ ತೆಂಗಿನಕಾಯಿ, ಊದುಬತ್ತಿ ಇಟ್ಟಿದ್ದರು. ಅವರು ಸಿಟ್ಟಾಗಲಿಲ್ಲ. ಕಾಯಿ ಒಡೆದು, ಇದು ಭೂಮಿಯ ಸಿಪ್ಪೆ, ಇದು ಒಳಗಿನ ಪದರ, ನಡುವೆ ಇರುವುದನ್ನು ಯಾರೂ ನೋಡಿಲ್ಲ ಎಂದು ಹೇಳಿ, "ಈಗ ಭೂಮಿ ತಿನ್ರಿ" ಎಂದು ಹಂಚಿದರು.

ಇನ್ಸ್‌ಪೆಕ್ಟರು ಬಂದದ್ದು ಮರುವರ್ಷ ದೀಪಾವಳಿಗೆ ಮೊದಲು. ಮೈಸೂರಿನ ಕಡೆಯವರು, ಸೌಮ್ಯ ಸ್ವಭಾವದವರು. ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿದರು. ಎದ್ದು ನಿಂತು, "ಪುಸ್ತಕವನ್ನು ತಾವೇ ಯಾಕೆ ಓದುವುದಿಲ್ಲ?" ಎಂದು ಕೇಳಿದರು.

"ಹುಡುಗರಿಗೆ ಓದೋ ರೂಢಿ ಆಗ್ಲಿ ಅಂತ್ರಿ," ಎಂದರು ಮಾಸ್ತರರು. ಸಾಹೇಬರು ತಲೆಯಾಡಿಸಿದರು. ವಿಷಯ ಅಲ್ಲಿಗೇ ಮುಗಿಯಬಹುದಿತ್ತು.

ಇನ್ಸ್‌ಪೆಕ್ಟರು ನನ್ನ ಬೆನ್ನು ತಟ್ಟಿ, "ಬಹಳ ಚೆನ್ನಾಗಿ ಓದುತ್ತೀಯ. ಯಾರು ಕಲಿಸಿದರು?" ಎಂದರು.

"ನಮ್ಮ ಮುತ್ಯಾ ಕಲಿಸ್ಯಾರ್ರಿ," ಎಂದೆ. ಅಷ್ಟು ಹೇಳಿ ಕೂರಬೇಕಿತ್ತು. ಆದರೆ ಇಡೀ ತರಗತಿ ನನ್ನ ಕಡೆ ನೋಡುತ್ತಿತ್ತು, ಬೆನ್ನ ಮೇಲೆ ಸಾಹೇಬರ ಕೈ ಇತ್ತು. "ಮತ್ತ ಸರ್‌ಗೆ ನಾನೇ ಕಲಸಾಕತ್ತೇನ್ರಿ. ಮುಂಜಾನೆ ನಾ ಕುರ್ಚಿ ಮ್ಯಾಲ ಕುಂದರ್ತೀನ್ರಿ, ಅವರು ಬೆಂಚಿನ ಮ್ಯಾಲ ಕುಂದರ್ತಾರ್ರಿ."

ತರಗತಿ ನಕ್ಕಿತು. ಸಾಹೇಬರೂ ನಕ್ಕರು. ಮಾಸ್ತರರೂ ನಕ್ಕರು ಎಂದು ನನಗೆ ನೆನಪು. ಕೈಯಲ್ಲಿದ್ದ ಸೀಮೆಸುಣ್ಣವನ್ನು ಡಬ್ಬಿಯಲ್ಲಿ ಇಡದೆ ಅಂಗಿಯ ಕಿಸೆಗೆ ಹಾಕಿಕೊಂಡರು.

ರಜೆ ಮುಗಿಸಿ ಬಂದಾಗ ಅವರು ಇರಲಿಲ್ಲ. ಮಂಠಾಳದ ಕಡೆ ಒಂದನೇ ಇಯತ್ತೆಯ ಮಕ್ಕಳಿಗೆ ಅಕ್ಷರ ತಿದ್ದಿಸಲು ಕಳಿಸಿದ್ದಾರೆಂದು ಗೊತ್ತಾಯಿತು. ನಮಗೆ ಹೊಸ ಮಾಸ್ತರರು ಬಂದರು. ಪುಸ್ತಕವನ್ನು ತಾವೇ ಓದುತ್ತಿದ್ದರು, ಚೆನ್ನಾಗಿಯೇ ಕಲಿಸಿದರು. ಹಳಬರು ನಿವೃತ್ತಿಯಾಗುವವರೆಗೂ ಹಳ್ಳಿಯಿಂದ ಹಳ್ಳಿಗೆ ಸಣ್ಣ ಮಕ್ಕಳ ಮಾಸ್ತರರಾಗಿಯೇ ಉಳಿದರು. ವಿಜ್ಞಾನವನ್ನು ಮತ್ತೆ ಅವರ ಕೈಗೆ ಯಾರೂ ಕೊಡಲಿಲ್ಲ. ನಾನು ಹೇಳಿದ್ದರಿಂದಲೇ ಹೀಗಾಯಿತೋ, ಹೇಗೂ ಆಗುವುದಿತ್ತೋ, ಗೊತ್ತಿಲ್ಲ. ಅವರ ಭಾಷೆಯಲ್ಲಿ ಹೇಳುವುದಾದರೆ ಸಬೂತ್ ಇಲ್ಲ. ಆದರೆ ಆ ವಾರಗಳಲ್ಲಿ ನಾನು ಬೀಗುತ್ತಾ ತಿರುಗಾಡಿದ್ದು ನನಗೆ ನೆನಪಿದೆ.

ನಾನು ಮೆಟ್ರಿಕ್ ಮುಗಿಸಿದೆ, ಮುಂದೆ ಓದಲಿಲ್ಲ. ಹುಮನಾಬಾದಿನಲ್ಲಿ ಮೊದಲು ರೇಡಿಯೋ ಅಂಗಡಿ, ಆಮೇಲೆ ಮೈಕ್‌ಸೆಟ್ಟು, ಎಂಬತ್ತರ ನಂತರ ವಿಡಿಯೋ ಸೆಂಟರ್. ಈ ನಡುವೆ ಅವರನ್ನು ಕಂಡದ್ದು ಒಂದೇ ಸಲ, ಮಂಠಾಳದ ಬಸ್ಸಿನಲ್ಲಿ. ಎದುರಿನ ಸಾಲಿನಲ್ಲಿ ಪತ್ರಿಕೆಯನ್ನು ಹಿಂದಿನ ಪುಟದಿಂದ ಬಿಡಿಸಿ ಓದುತ್ತಿದ್ದರು. ನಾನು ಊರು ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ.

ನಮ್ಮೂರಿನ ಒಬ್ಬ ಡ್ರೈವರ್ ದುಬೈಗೆ ಹೋಗಿದ್ದ. ರಜೆಗೆ ಬಂದಾಗ ಅಲ್ಲಿಯ ಟೀವಿಯಿಂದ ತುಂಬಿಸಿಕೊಂಡ ಕ್ಯಾಸೆಟ್ಟುಗಳನ್ನು ನನಗೆ ಕೊಡುತ್ತಿದ್ದ. ಒಂದು ಸಲ ಬಂದದ್ದು ಇಂಗ್ಲಿಷ್ ಧಾರಾವಾಹಿ. ಭೂಮಿಯನ್ನು ಬಿಟ್ಟು ಹೊರಟ ಜಹಾಜು, ಅದರೊಳಗೆ ಒಂದು ಊರಿನಷ್ಟು ಜನ, ಪ್ರತಿ ಕಂತಿಗೂ ಒಂದು ಹೊಸ ಗ್ರಹ, ಒಂದು ಹೊಸ ಸಂಕಟ. ಮಾತು ಯಾರಿಗೂ ತಿಳಿಯುತ್ತಿರಲಿಲ್ಲ, ಆದರೂ ಜನ ಬರುತ್ತಿದ್ದರು. ಆ ಸುದ್ದಿ ಕಲ್ಯಾಣಕ್ಕೂ ಮುಟ್ಟಿತು. ಒಂದು ಭಾನುವಾರ ಮಧ್ಯಾಹ್ನ ಮಾಸ್ತರರು ಕೊಡೆ ಊರುತ್ತ ಬಾಗಿಲಲ್ಲಿ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಆಕಾಶದಾಗ ಹೋಗೋ ಜಹಾಜಿನ ಆಟ ಹಚ್ತಿಯಂತಲ್ಲ ತಮ್ಮಾ. ನಾ ಕುಂದ್ರಲೇನು?"

ನನ್ನ ಗುರುತು ಸಿಕ್ಕಿತೋ ಇಲ್ಲವೋ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕುರ್ಚಿ ತಂದು ಹಾಕಿದೆ. ಅವರು ಬೆಂಚಿನ ಮೇಲೆ ಕೂತರು.

ಅರ್ಧ ಗಂಟೆಯೊಳಗೆ ಹಮಾಲರಿಗೆ ಗೊತ್ತಾಯಿತು, ಈ ಮುದುಕರಿಗೆ ಆ ಮಾತು ತಿಳಿಯುತ್ತದೆ. "ಸರ್, ಅರ್ಥಾ ಹೇಳ್ರಿ" ಎಂದರು. ಅಂದಿನಿಂದ ಅವರು ಪ್ರತಿ ಭಾನುವಾರ ಕಲ್ಯಾಣದ ಬಸ್ಸು ಹಿಡಿದು ಬಂದು ಅರ್ಥ ಹೇಳಿದರು. ಈಗ ಅವರ ಕನ್ನಡ ಬೇರೆಯಾಗಿತ್ತು. ಮಕ್ಕಳ ಜೊತೆ ತಿದ್ದಿ ತಿದ್ದಿ ಬಂದ ಕನ್ನಡ. "ಗುರುತ್ವಾಕರ್ಷಣೆ" ಎಂದು ಒಂದೊಂದೇ ಅಕ್ಷರ ಇಟ್ಟು ಹೇಳಿ, ಆಮೇಲೆ, "ಅಂದ್ರ ಕಶಿಶ್, ಜಗ್ಗೋದು," ಎನ್ನುತ್ತಿದ್ದರು. ಬಾಗಿಲ ಬಳಿ ಶೇಂಗಾ ಮಾರುವ ಆಯಿ ಕೂಡ ಬುಟ್ಟಿ ಎತ್ತಿಕೊಂಡು ಒಳಗೆ ಬಂದು ಕೂರತೊಡಗಿದಳು.

ಮೊದಲ ಕಂತಿನಲ್ಲಿ ಒಂದು ಮಾತು ಬರುತ್ತದೆ. ಜಹಾಜು ಆಗಲೇ ಆಕಾಶದ ಬಯಲಿನಲ್ಲಿದೆ. ತರುಣ ಕಪ್ತಾನ ಕುರ್ಚಿಯಲ್ಲಿ ಕೂತು, ಮೊದಲಿನವರು ಇಳಿದರು, ಇನ್ನು ಇದು ನನ್ನದು ಎನ್ನುತ್ತಾನೆ. ಅಷ್ಟೇ. ಮುಂದೆ ಯಾವ ಕಂತಿನಲ್ಲೂ ಆ ಮೊದಲಿನವನ ಸುದ್ದಿಯೇ ಇಲ್ಲ. ಇದು ಅವರಿಗೆ ಹಲ್ಲಿನಲ್ಲಿ ಸಿಕ್ಕ ನಾರಿನಂತಾಯಿತು. ಪ್ರತಿ ಭಾನುವಾರ ಆಟ ಮುಗಿದ ಮೇಲೆ ಕೇಳುತ್ತಿದ್ದರು:

"ಎಲ್ಲಾ ಖರೇ. ಆದರ ಮೊದಲಿನಾಂವ ಎಲ್ಲಿ ಇಳದ? ಸುತ್ತೂ ಬಯಲು. ಅಲ್ಲೇನು ಬಸ್‌ಸ್ಟ್ಯಾಂಡ್ ಅದ?"

"ಪಿನ್ಶನ್ ಆಗಿರಬೇಕ ಬಿಡ್ರಿ ಸರ್ ಅವಗ," ಎನ್ನುತ್ತಿದ್ದ ಹಿರಿಯ ಹಮಾಲ.

"ಪಿನ್ಶನ್ ಆದಾಂವ ಮನಿಗೆ ಹೋಗ್ತಾನ. ಇಂವನ ಮನಿ ಎಲ್ಲದ?"

ಎಲ್ಲರೂ ನಗುತ್ತಿದ್ದರು. ನಾನು ಕ್ಯಾಸೆಟ್ಟು ಸುತ್ತುತ್ತಿದ್ದೆ.

ಧಾರಾವಾಹಿ ಮುಗಿಯಿತು. ಮರುವರ್ಷ ಡ್ರೈವರ್ ಮತ್ತೊಂದು ಕ್ಯಾಸೆಟ್ಟು ತಂದ. ಅದರಲ್ಲಿ ಎರಡು ಇದ್ದವು. ಒಂದು, ಧಾರಾವಾಹಿ ಶುರುವಾಗುವ ಮೊದಲು ಮಾದರಿಗೆಂದು ತೆಗೆದ ಕಂತು. ಕಂಪನಿಯವರು ಅದನ್ನು ಒಪ್ಪಲಿಲ್ಲವಂತೆ. ಕಪ್ತಾನನ ಪಾತ್ರದವನನ್ನು ಬದಲಾಯಿಸಿ ಹೊಸದಾಗಿ ತೆಗೆದರಂತೆ. ಇನ್ನೊಂದು, ಧಾರಾವಾಹಿ ಹೆಸರಾದ ಮೇಲೆ ತೆಗೆದದ್ದು, ಆದರೆ ಹಿಂದಿನ ಕಥೆ, ಜಹಾಜು ಹೊರಡುವ ಮುಂಚಿನದು.

"ಅಂದ್ರ ಲಗ್ನಾ ಆಗಿ ಮಕ್ಕಳಾದ ಮ್ಯಾಲ ಕನ್ಯಾ ನೋಡಾಕ ಹೊಂಟಂಗ," ಎಂದ ಹಮಾಲ.

ಅವರು ಮಾತ್ರ ನಗಲಿಲ್ಲ. ಅವರ ಪ್ರಶ್ನೆಗೆ ಉತ್ತರ ಈ ಎರಡರಲ್ಲಿ ಎಲ್ಲಾದರೂ ಇರಬೇಕು. ಅವರು ಆ ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು.

ಮಾದರಿ ಕಂತು ಹಚ್ಚಿದೆ. ಅದೇ ಜಹಾಜು, ಅದೇ ಮೊದಲ ಸಂಕಟ, ಅವೇ ಮಾತುಗಳು. ಕುರ್ಚಿಯಲ್ಲಿ ಮಾತ್ರ ಬೇರೆಯವನು. ವಯಸ್ಸಾದವನು, ಕನ್ನಡಕ, ತಡೆದು ತಡೆದು ಮಾತು. ಅವರು ಒಂದೆರಡು ಸಾಲು ಅರ್ಥ ಹೇಳಿದರು. ಆಮೇಲೆ ನಿಲ್ಲಿಸಿದರು. ಜಹಾಜೊಂದು ಸಿಡಿಯಿತು. ಅವರು ಏಳಲಿಲ್ಲ. ಟೀವಿಯೇ ದೊಡ್ಡದಾಗಿ ಸದ್ದು ಮಾಡಿತು. ಹಮಾಲರು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

ಕಂತು ಮುಗಿದಾಗ ಅವರು, "ಛಲೋ ಇದ್ದ. ಸಾವಕಾಶ ಮಾತಾಡ್ತಿದ್ದ, ಅಷ್ಟ," ಎಂದರು.

ಚಹಾ ಬಂತು. ಅವರು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿದರು. ಹಿಂದಿನ ಕಥೆ ಹಚ್ಚುವಾಗ ನನ್ನನ್ನು ಕರೆದರು.

"ನನಗ ಗಂಟಲು ಆಗಂಗಿಲ್ಲ. ಅರ್ಥಾ ನೀ ಹೇಳು."

"ನನಗ ಇಂಗ್ಲಿಷ್ ಬರಂಗಿಲ್ರಿ ಸರ್."

"ನನಗ ಕನ್ನಡಾ ಬರ್ತಿದ್ದಿಲ್ಲ. ನೀ ಕಲಸಲಿಲ್ಲೇನು?"

ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೂ ಇರಲಿಲ್ಲ. ವಿಳಾಸ ಹೇಳುವವರಂತೆ ಹೇಳಿದರು. ಸುಮಾರು ಮೂವತ್ತು ವರ್ಷದಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಆಮೇಲೆ ಪಕ್ಕದ ಖಾಲಿ ಕುರ್ಚಿ ತೋರಿಸಿದರು. ನಾನು ಕೂತೆ.

ಮೊದಲು ಕಣ್ಣಿಗೆ ಕಂಡದ್ದನ್ನೇ ಹೇಳುತ್ತ ಹೋದೆ. ತರುಣ ಕಪ್ತಾನ ಸಣ್ಣವನಿದ್ದಾಗಿನ ಕಥೆ ಅದು. ಮನೆ, ತಾಯಿ, ಕಲಿಯುವ ಶಾಲೆ. ಮೊದಲಿನ ಕಪ್ತಾನ ಎಲ್ಲೂ ಬರಲಿಲ್ಲ. ಅವನನ್ನು ಕಥೆ ಬರೆದವರು ಮರೆತೇಬಿಟ್ಟಿದ್ದರು. ನಡುವೆ ಒಂದು ದೃಶ್ಯ ಬಂತು. ಉದ್ದ ಮೇಜಿನ ಹಿಂದೆ ಅಧಿಕಾರಿಗಳು. ಎದುರಿಗೆ ಆ ಹುಡುಗ ಎದೆ ಸೆಟೆಸಿ ನಿಂತು ಏನೋ ಹೇಳುತ್ತಿದ್ದಾನೆ. ಹಿಂದೆ, ಗೋಡೆಯ ಹತ್ತಿರ, ಯಾರೋ ಒಬ್ಬ ಹಿರಿಯ ಸುಮ್ಮನೆ ನಿಂತಿದ್ದಾನೆ.

"ಏನಂತಾನ ಪೋರಾ?" ಎಂದ ಹಮಾಲ.

ನಾನು ಹೇಳಿದೆ: "ಈ ಪೋರಾ ಜಹಾಜಿನಾಗ ಕಪ್ತಾನನ ಕೈಕೆಳಗ ಇದ್ದ. ಜಹಾಜು ಹೊಸಾದು. ಅದರ ಮ್ಯಾಲಿನ ಬರಹ ಕಪ್ತಾನಗ ಓದಾಕ ಬರ್ತಿದ್ದಿಲ್ಲ. ಪೋರಗ ಬರ್ತಿತ್ತು. ಅದಕ್ಕ ಪೋರಾ ಓದ್ತಿದ್ದ, ಕಪ್ತಾನ ನಡಸ್ತಿದ್ದ. ಯಾರಿಗೂ ಹೇಳಬ್ಯಾಡ ಅಂದಿದ್ದ ಕಪ್ತಾನ. ಈಗ ಸಾಹೇಬರು ಶಾಬಾಸ್ ಅಂದ ಕೂಡ್ಲೇ ಎಲ್ಲಾ ಹೇಳಾಕತ್ಯಾನ. ಕಪ್ತಾನಗ ಏನೂ ಬರಂಗಿಲ್ಲ, ನಾನೇ ಕಲಸಾಕತ್ತೇನಿ ಅಂತಾನ."

"ಹಲ್ಕಟ್ ಸೂಳೇಮಗ!" ಎಂದ ಹಮಾಲ. "ಬಾಯಿಗೆ ಚಾವಿ ಇಲ್ಲೇನು ಅವಗ?"

"ಸಣ್ಣದು ಬಿಡೋ ಅಣ್ಣಾ," ಎಂದಳು ಶೇಂಗಾದ ಆಯಿ. "ಅದಕ್ಕೇನ್ ತಿಳೀತದ?"

"ಸಣ್ಣದೇನು ಆಯಿ? ಎದಿ ಹ್ಯಾಂಗ ಉಬ್ಬಿಸ್ಯಾನ ನೋಡು! ಎಲ್ಲಾ ತಿಳದೇ ಹೇಳ್ಯಾನ. ಆಮ್ಯಾಲ ಏನಾತ್ರಿ?"

"ಆಮ್ಯಾಲ ಕಪ್ತಾನನ್ನ ಇಳಿಸಿದ್ರು," ಎಂದೆ. "ಒಂದು ಸಣ್ಣ ಗ್ರಹದಾಗ. ಅಲ್ಲಿ ಕೂಸುಗಳಿಗೆ ಅಕ್ಷರಾ ತಿದ್ದಸ್ಕೋತ ಇದ್ದ."

ಪರದೆಯ ಮೇಲೆ ಆ ಹೊತ್ತಿಗೆ ಕುದುರೆಯೊಂದು ಓಡುತ್ತಿತ್ತು. ಅದೇನೆಂದು ಯಾರೂ ಕೇಳಲಿಲ್ಲ. ನಾನು ಪಕ್ಕಕ್ಕೆ ನೋಡಲಿಲ್ಲ. ಅವರಿಗೆ ಇಂಗ್ಲಿಷ್ ಬರುತ್ತಿತ್ತು. ನಾನು ಹೇಳಿದ್ದರಲ್ಲಿ ಒಂದು ಸಾಲೂ ಅಲ್ಲಿಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವರಿಗೆ ಮಾತ್ರ. ಅವರ ಬೆರಳುಗಳು ಇಲ್ಲದ ಸೀಮೆಸುಣ್ಣವನ್ನು ಹೊರಳಿಸುತ್ತಿದ್ದವು. ಕಥೆ ಮುಗಿಯುವವರೆಗೂ ಅವರು ತಿದ್ದಲಿಲ್ಲ.

ಕಲ್ಯಾಣದ ಬಸ್ಸಿಗೆ ಅವರನ್ನು ಬಿಡಲು ಹೋದೆ. ಹಿಂದೆಂದೂ ಹೋಗಿರಲಿಲ್ಲ. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಅವರು ಹತ್ತಿ ಕಿಟಕಿಯ ಬಳಿ ಕೂತರು, ನಾನು ಕೆಳಗೆ ನಿಂತೆ.

"ಆ ಹುಡುಗ ಮುಂದ ಏನಾದ?" ಎಂದರು.

"ಅದು ಕಥಿಯಾಗ ಇಲ್ರಿ ಸರ್."

"ಕಥಿಯಾಗ ಇಲ್ಲದ್ದೆಲ್ಲಾ ಹೇಳಿದಿ. ಇದೊಂದು ಹೇಳಾಕ ಏನಾಗ್ಯಾದ?"

ಕಂಡಕ್ಟರ್ ಮಂಠಾಳ, ಕಲ್ಯಾಣ ಎಂದು ಕೂಗುತ್ತಿದ್ದ. ಅವರು ಕೊಡೆಯನ್ನು ಕಾಲುಗಳ ನಡುವೆ ನಿಲ್ಲಿಸಿ, ಅದರ ಹಿಡಿಕೆಯ ಮೇಲೆ ಗದ್ದ ಇಟ್ಟುಕೊಂಡರು.

"ಅವಗ ಹೇಳು. ಅಂವಾ ಅವತ್ತು ಹೇಳಿದ್ದು ಸುಳ್ಳಲ್ಲ. ಕುರ್ಚಿ ಮ್ಯಾಲ ಅಂವಾ ಕುಂದರ್ತಿದ್ದ, ಖರೇ ಅದ. ಬೆಂಚಿನ ಮ್ಯಾಲ ನಾ ಕುಂದರ್ತಿದ್ದೆ, ಅದೂ ಖರೇ ಅದ. ಖರೇ ಹೇಳಿದ್ದಕ್ಕ ಯಾಕ ಅಂಜಬೇಕು?"

ಒಂದು ಕ್ಷಣ ನನ್ನ ಎದೆ ಹಗುರಾಯಿತು. ಅದನ್ನು ಹಿಡಿದುಕೊಂಡು ಮನೆಗೆ ಹೋಗಬಹುದಿತ್ತು. ಆದರೆ ಅವರು ಸಬೂತ್ ಕೇಳುವ ಮನುಷ್ಯ, ಅವರ ಮುಂದೆ ಅರ್ಧ ಲೆಕ್ಕ ಬಿಟ್ಟು ಹೋಗುವುದು ಆಗಲಿಲ್ಲ.

"ಯಾರ ಮುಂದೂ ಹೇಳಬ್ಯಾಡ ಅಂದಿದ್ರಿ ಸರ್ ನೀವು. ನಾ ಆಣೆ ಮಾಡಿದ್ದೆ."

ಅವರು ನನ್ನನ್ನು ನೋಡಿದರು. ಡ್ರೈವರ್ ಹತ್ತಿ ಎಂಜಿನ್ ಶುರು ಮಾಡಿದ. ಕಿಟಕಿಯ ಗಾಜು ಗದಗದ ನಡುಗತೊಡಗಿತು.

"ಹೌದು," ಎಂದರು. "ಅಂದಿದ್ದೆ."

ಅಷ್ಟೇ. ಬಸ್ಸು ಹೊರಟಿತು. ಮುಂದಿನ ಭಾನುವಾರವೂ ಅವರು ಬಂದರು, ಅದರ ಮುಂದಿನದಕ್ಕೂ ಬಂದರು. ಹಳೆಯ ಕಂತುಗಳನ್ನೇ ಮತ್ತೆ ಹಚ್ಚುತ್ತಿದ್ದೆ. ಏನಾದರೂ ಸಿಡಿದರೆ ಎದ್ದು ಬಂದು ಸಪ್ಪಳ ಬಂದ್ ಮಾಡುತ್ತಿದ್ದರು. ಹಮಾಲರು ಢಂ ಅನ್ನುತ್ತಿದ್ದರು. ಮೊದಲಿನ ಕಪ್ತಾನ ಎಲ್ಲಿ ಇಳಿದ ಎಂದು ಮಾತ್ರ ಅವರು ಮತ್ತೆ ಕೇಳಲಿಲ್ಲ.